ಹಂಪಣ್ಣ ಉಸ್ತಾದರ ಮೊಳೆ

ಮಸ್ಕಿಯ ಆ ಮನೆಯಲ್ಲಿ ಕಂಪ್ಯೂಟರಿನ ವೇಗವನ್ನು ರೊಟ್ಟಿಯ ಲೆಕ್ಕದಲ್ಲಿ ಹೇಳುತ್ತಿದ್ದರು. ಸೊಸೆ ಪದ್ಮಾವತಿ ಪಡಸಾಲೆಯ ಮೂಲೆಯಲ್ಲಿ ಕೂತು ಒಂದು ಫೋಟೋ ತೆರೆಯಲು ಒತ್ತುವಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ, ಅತ್ತೆ ಪಕೀರಮ್ಮ ಬಡಿದುಕೊಟ್ಟ ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಎರಡೂ ಮಗ್ಗುಲು ಬೇಯಿಸಿ, ಕೈ ಒರೆಸಿಕೊಳ್ಳುತ್ತ ಹಿಂದಿರುಗುವ ಹೊತ್ತಿಗೆ ಫೋಟೋ ಅರ್ಧ ಬಂದಿರುತ್ತಿತ್ತು.

"ಎಷ್ಟ್ ರೊಟ್ಟಿ ಆತವ್ವ?" ಎಂದು ಹೊರಗಿನ ಕಟ್ಟೆಯಿಂದ ಮಾವ ಲಾಲಪ್ಪ ಕೇಳುವನು.

"ಇನ್ನ ಒಂದ್ ಬೇಕ್ರಿ ಮಾವ."

ಕಂಪ್ಯೂಟರ್ ಆ ಮನೆಯವರ ಕೈಗೆ ಬಂದು ಹನ್ನೆರಡು ವರ್ಷ ದಾಟಿತ್ತು. ಆಗ ಅವರು ಹಟ್ಟಿಯ ಕಂಪನಿ ಕ್ವಾರ್ಟರಿನಲ್ಲಿದ್ದರು. ಲಾಲಪ್ಪ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್, ಮಗ ಸುನೀಲ ಡಿಗ್ರಿ ಓದುತ್ತಿದ್ದ ಹುಡುಗ. ಸಿಂಧನೂರಿನಲ್ಲಿ ಕೊಂಡ ಕಂಪ್ಯೂಟರನ್ನು ಲಾಲಪ್ಪ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ತಂದಿದ್ದ. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರ್ ಅದಕ್ಕೆ ಲಗೇಜು ಟಿಕೇಟು ಹರಿಯಲು ಬಂದರೆ, "ತೊಡಿ ಮ್ಯಾಲಿನ ಕೂಸಿಗೆ ಯಾವಾಗರ ಟಿಕೇಟ್ ತಗೊಂಡೀರೇನ್ರಿ?" ಎಂದಿದ್ದ. ಆ ದಿನ ಸಂಜೆ ಕ್ವಾರ್ಟರಿನ ಇಡೀ ಲೈನಿನ ಮಂದಿ ಬಂದು ನೋಡಿಹೋದರು. ಹಗಲಿನ ಪಾಳಿ ಮುಗಿಸಿದವರು ಮನೆಗೂ ಹೋಗದೆ, ಕೈಯಲ್ಲಿ ಹೆಲ್ಮೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಪಕೀರಮ್ಮ ತನ್ನ ಹಳೆಯ ಇಳಕಲ್ ಸೀರೆಯನ್ನು ಅರ್ಧ ಹರಿದು ಅದಕ್ಕೆ ಹೊದಿಕೆ ಹೊಲಿದಳು.

ಅಂದಿನಿಂದ ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ, ಬ್ರಷ್ಷಿನಿಂದ ದೂಳು ಕೊಡವಿ, ಫ್ಯಾನಿಗೆ ಹೊಲಿಗೆ ಮಷಿನ್ನಿನ ಎಣ್ಣೆಯ ಒಂದು ಹನಿ ಬಿಡುವ ಕೆಲಸ ಲಾಲಪ್ಪನದೇ. ಬೇರೆ ಯಾರೂ ಅದರ ಸ್ಕ್ರೂ ಮುಟ್ಟಿದ್ದಿಲ್ಲ. ಮಿಕ್ಸರು, ಇಸ್ತ್ರಿ, ಗೋಡೆಯ ಗಡಿಯಾರ, ನೆರೆಮನೆ ಅಮರಮ್ಮನ ಫ್ಯಾನು, ಕೆಟ್ಟದ್ದೆಲ್ಲ ಅವನ ಮುಂದೆಯೇ ಬರುತ್ತಿತ್ತು. ನಿವೃತ್ತನಾಗಿ ಆರು ವರ್ಷವಾದರೂ ಕೈಗೆ ಕೆಲಸ ಇತ್ತು.

ಹಟ್ಟಿ ಬಿಟ್ಟು ಬರುವಾಗ ಅವನು ಮೂರು ಸಾಮಾನು ತಂದಿದ್ದ. ಅಳತೆಯ ವರ್ನಿಯರು, ಲೋಹ ತೀಡುವ ಸಣ್ಣ ಕಾನಸುಗಳ ಒಂದು ಚೀಲ, ಮತ್ತು ಮುಷ್ಟಿಗಾತ್ರದ ಒಂದು ಕಂಚಿನ ಬಳೆ. ಪಂಪಿನೊಳಗೆ ಕೂರುವ ಬುಷ್ಷು ಅದು. ಈಗ ಪದ್ಮಾವತಿಯ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿತ್ತು. ಯಾಕೆ ತಂದೆ ಎಂದು ಯಾರೂ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

ಪದ್ಮಾವತಿ ಸಿಂಧನೂರಿನ ಶಿವಕಾಂತನ ಪ್ರೆಸ್ಸಿಗೆ ಮನೆಯಿಂದಲೇ ಲಗ್ನಪತ್ರಿಕೆ, ಪಾಂಪ್ಲೆಟ್ಟು ಮಾಡಿಕೊಡುತ್ತಿದ್ದಳು. ಈ ಸಲ ಫೆಬ್ರವರಿಯಲ್ಲಿ ದೊಡ್ಡ ಕೆಲಸವೊಂದು ಬಂತು. ಬಳಗಾನೂರು ಕಡೆಯ ಒಂದು ಶಾಲೆಗೆ ಐವತ್ತು ವರ್ಷ ತುಂಬಿ, ಅದರ ಸ್ಮರಣ ಸಂಚಿಕೆ. ನೂರ ಅರವತ್ತು ಪುಟ, ಪುಟಕ್ಕೆ ನಾಲ್ಕೈದು ಹಳೆಯ ಫೋಟೋ. ಚಡ್ಡಿ ಹಾಕಿದ ಹುಡುಗರ ಸಾಲು, ಬೇವಿನ ಗಿಡದ ಕೆಳಗೆ ಮಾಸ್ತರರ ಸಾಲು. ಏಪ್ರಿಲ್ ಮೊದಲ ವಾರಕ್ಕೆ ಪುಸ್ತಕ ಕೈಗೆ ಬರಬೇಕು. ಮಷಿನ್ನಿಗೆ ಅಷ್ಟು ಭಾರ ಹೊರುವ ತಾಕತ್ತು ಇರಲಿಲ್ಲ.

ಒಂದು ರಾತ್ರಿ ಊಟಕ್ಕೆ ಕೂತಾಗ ಸುನೀಲ ಮಾತು ತೆಗೆದ. ಅವನಿಗೆ ಲಿಂಗಸುಗೂರಿನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ, ದಿನವೂ ಬಸ್ಸಿನ ಓಡಾಟ.

"ದೀಪಾವಳಿಗೆ ಹೊಸಾದು ತಗೊಳ್ಳೋಣ ಬಿಡು."

"ದೀಪಾವಳಿ ಎಲ್ಲಿ, ಏಪ್ರಿಲ್ ಎಲ್ಲಿ?" ಪದ್ಮಾವತಿ ಪುಂಡಿಪಲ್ಲೆ ಬಡಿಸುತ್ತ ಅಂದಳು. "ಸಿಂಧನೂರು ಬಸ್ ಸ್ಟ್ಯಾಂಡ್ ಹಿಂದ ಇಶ್ತಿಯಾಕ್ ಅಂತ ಅದಾರ್ರಿ, ಕಂಪ್ಯೂಟರ್ ರಿಪೇರಿಯವ್ರು. ಪೂರಾ ಬದಲಿ ಮಾಡೂದು ಬ್ಯಾಡಂತ. ಒಳಗಿನ ಪ್ರೊಸೆಸರ್ ಒಂದು ಬದಲಿ ಮಾಡಿದ್ರ ನಡೀತದಂತ. ನಮ್ಮದು ಐ-ತ್ರೀ ಐತಿ. ಐ-ಫೈವ್ ಹಾಕಬೇಕು."

"ಅದೇನವ್ವ ಅದು ಪ್ರೊಸೆಸರು?" ಪಕೀರಮ್ಮ ಕೇಳಿದಳು.

"ಮಿದುಳು ಇದ್ದಂಗ್ರಿ ಅತ್ತಿ."

"ಮಿದುಳು ಬದಲಿ ಮಾಡಾಕ ಬರತದಂದ್ರ ಈ ಮನ್ಯಾಗ ಮದ್ಲ ಬ್ಯಾರೇದವ್ರಿಗೆ ಮಾಡಸ್ಬೇಕು," ಎಂದು ಪಕೀರಮ್ಮ ಗಂಡನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಲಾಲಪ್ಪ ನಕ್ಕ. "ನೀ ತರೂದಷ್ಟ ತಾ ಯವ್ವ. ಕೂಡ್ರಿಸೂದು ನನಗ ಬಿಡು. ಅದಕ್ಯಾಕ ಅಂಗಡಿಯವ್ನು?"

"ಅಪ್ಪ, ಅದು ಪಂಪಲ್ಲ," ಅಂದ ಸುನೀಲ.

"ಪಂಪಿಗಿಂತ ದೊಡ್ಡದೇನ್ಲೇ? ಆಳದಾಗ ನೀರು ಏರಿ ಬರೂವಾಗ ಟೊಂಕದ ಮಟ ನೀರಾಗ ನಿಂತು ಪಂಪ್ ಕೂಡ್ರಿಸೀನಿ. ಇದು ಬಿಸ್ಕೀಟಿನಷ್ಟ ಐತಿ."

ಮೂರು ದಿನದ ಮೇಲೆ ಪದ್ಮಾವತಿ ಪ್ರೊಸೆಸರು ತಂದಳು. ಸಿಂಧನೂರಿನಲ್ಲಿ ಸಂಜೆಯ ಬಸ್ಸು ತಪ್ಪುತ್ತದೆಂದು ಓಡಿ ಹತ್ತಿದ್ದಳು. ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದು ಬೆಳ್ಳಿಯ ಬಿಲ್ಲೆಯ ಹಾಗೆ ಹೊಳೆಯುತ್ತಿತ್ತು.

"ಅಂಗಡಿಯವ್ನು ಏನರ ಹೇಳಿದ್ನೇನು?" ಲಾಲಪ್ಪ ಕೇಳಿದ.

"ಏನಿಲ್ರಿ ಮಾವ. ಕೂಡ್ರಿಸಿದ್ರ ಆತು," ಎಂದು ಪದ್ಮಾವತಿ ಸರ್ರನೆ ಒಳಗೆ ಹೋದಳು.

ಪಕೀರಮ್ಮ ಡಬ್ಬಿಯನ್ನು ಬುದ್ಧನ ಮತ್ತು ಬಾಬಾಸಾಹೇಬರ ಫೋಟೋದ ಕೆಳಗಿನ ಹಲಗೆಯ ಮೇಲೆ ಇಟ್ಟಳು. ಆ ಮನೆಯಲ್ಲಿ ಬೆಲೆಯುಳ್ಳ ಯಾವುದೇ ಹೊಸ ಸಾಮಾನು ಮೊದಲು ಇಳಿಯುವುದು ಅಲ್ಲಿಯೇ.

ಭಾನುವಾರ ಮಗ ಸೊಸೆ ಲಿಂಗಸುಗೂರಿಗೆ ಗೃಹಪ್ರವೇಶದ ಊಟಕ್ಕೆ ಹೋದರು. ಪಕೀರಮ್ಮ ಹಿತ್ತಲಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಲಾಲಪ್ಪ ಕೈ ತೊಳೆದು, ಬಿಳಿ ಪಂಚೆ ಹಾಸಿ, ಕಂಪ್ಯೂಟರಿನ ಡಬ್ಬಿಯನ್ನು ಮಗ್ಗುಲಾಗಿ ಮಲಗಿಸಿದ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಪಂಚೆಯ ಅಂಚಿನ ಮೇಲೆ ಸಾಲಾಗಿ ಇಟ್ಟ. ಮದರ್‌ಬೋರ್ಡ್ ಎಂಬ ಹಸಿರು ಹಲಗೆಯ ನಡುವೆ ಪ್ರೊಸೆಸರಿನ ಚೌಕ ಗೂಡು. ಅದನ್ನು ಅದುಮಿ ಹಿಡಿದಿದ್ದ ಸಣ್ಣ ಹಿಡಿಕೆ ಎತ್ತಿ ಹಳೆಯದನ್ನು ಹೊರಗೆ ತೆಗೆದ. ಕೆಳಗೆ ಗೂಡಿನ ತುಂಬ ಕೂದಲೆಳೆಯಂಥ ಕಡ್ಡಿಗಳು, ಭತ್ತದ ಸಸಿಮಡಿಯ ಹಾಗೆ ಒತ್ತಾಗಿ, ಒಂದೇ ಕಡೆ ಬಾಗಿ ನಿಂತಿದ್ದವು. ಎಂಥ ಕೈಕೆಲಸ ಎಂದು ಸ್ವಲ್ಪ ಹೊತ್ತು ನೋಡುತ್ತ ಕೂತ.

ಆಮೇಲೆ ವರ್ನಿಯರ್ ತೆಗೆದ. ಹಳೆಯದರ ಉದ್ದ, ಅಗಲ. ಹೊಸದರ ಉದ್ದ, ಅಗಲ. ಕೂದಲಿನಷ್ಟೂ ಫರಕು ಇರಲಿಲ್ಲ. ಅವನ ಮಟ್ಟಿಗೆ ಅಲ್ಲಿಗೆ ಜೋಡಿ ಖಾತ್ರಿಯಾಯಿತು.

ಆದರೆ ಹೊಸದು ಕೂರಲಿಲ್ಲ. ಗೂಡಿನ ಅಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಕಿವಿಗಳಿದ್ದವು. ಅವು ಸೇರಬೇಕಾದ ಕಚ್ಚು ಹೊಸ ಪ್ರೊಸೆಸರಿನಲ್ಲಿ ಒಂದು ಅಕ್ಕಿಕಾಳಿನಷ್ಟು ಆಚೆಗಿತ್ತು.

ಲಾಲಪ್ಪನಿಗೆ ಇದೇನೂ ಹೊಸದಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಸ್ಟೋರಿನಿಂದ ಬಂದ ಸ್ಪೇರು ಒಂದೇ ಏಟಿಗೆ ಕೂತದ್ದನ್ನು ಅವನು ಕಂಡದ್ದು ಕಡಿಮೆ. ಒಂದು ಕಡೆ ಎಳೆಯಷ್ಟು ದಪ್ಪ, ಇನ್ನೊಂದು ಕಡೆ ಎಳೆಯಷ್ಟು ಗಿಡ್ಡ. ಹೊಸದು ತರಿಸಿ ಎಂದರೆ ವಾರ ಕಾಯಬೇಕು, ಆಳದ ನೀರು ವಾರ ಕಾಯುವುದಿಲ್ಲ. ಕಾನಸು ಹಿಡಿದು ತೀಡಿ, ಸವರಿ, ಕೂರಿಸುವುದೇ ಫಿಟ್ಟರಿನ ಕೆಲಸ. ಆ ಕಿವಿಗಳೂ ಅಚ್ಚಿನ ದೋಷವೇ ಎಂದು ಅವನ ಕೈ ತೀರ್ಮಾನಿಸಿತು. ದಾಡಿಯ ಬ್ಲೇಡು ತಂದು ಮೊದಲ ಕಿವಿಯನ್ನು ಬುಡಕ್ಕೆ ಸವರಿದ. ಬೆಣ್ಣೆಯ ಹಾಗೆ ಬಂತು. ಎರಡನೆಯದು ಬರುವಾಗ ಬ್ಲೇಡು ಜಾರಿತು. ಹೆಬ್ಬೆರಳಿಗೆ ತಾಗಿತು. ಅದಕ್ಕಿಂತ ಮೊದಲು ಗೂಡಿನೊಳಗೆ ಓಡಿತ್ತು. ಸಸಿಮಡಿಯಲ್ಲಿ ದನ ನುಗ್ಗಿದ ಹಾಗೆ ಒಂದು ಮೂಲೆಯ ಕಡ್ಡಿಗಳು ಮಲಗಿಬಿಟ್ಟಿದ್ದವು.

ಪಕೀರಮ್ಮನ ಹೊಲಿಗೆಯ ಸೂಜಿ ತಂದು ಒಂದೊಂದನ್ನೇ ಎಬ್ಬಿಸಿದ. ಎರಡು ಮುರಿದು ಸೂಜಿಯ ತುದಿಗೆ ಬಂದವು. ಇರಲಿ ಎಂದು ಹೊಸ ಪ್ರೊಸೆಸರು ಇಟ್ಟು ಹಿಡಿಕೆ ಇಳಿಸಿ ಸ್ವಿಚ್ಚು ಒತ್ತಿದ. ಫ್ಯಾನು ತಿರುಗಿತು, ತೆರೆ ಕಪ್ಪಗಿತ್ತು. ಹಳೆಯದನ್ನೇ ತಿರುಗಿ ಇಟ್ಟ. ಆಗಲೂ ಕಪ್ಪು.

"ಆತೇನ್ರೀ?" ಹಿತ್ತಲಿಂದ ಪಕೀರಮ್ಮ ಕೂಗಿದಳು.

"ಆಗವಲ್ದು."

ಸವರಿದ ಎರಡು ಪ್ಲಾಸ್ಟಿಕ್ ಚೂರುಗಳನ್ನು ಬಸ್ಸಿನ ಟಿಕೇಟಿನಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಬೆರಳಿಗೆ ಪಟ್ಟಿ ಅಂಟಿಸಿದ. ಸ್ಕ್ರೂಗಳನ್ನು ಇದ್ದ ಹಾಗೆ ಬಿಗಿದ.

ಸಂಜೆ ಸುನೀಲ ಬಾಗಿಲಲ್ಲೇ ಕೇಳಿದ, "ಏನಾತಪ?"

"ಬರವಲ್ದು. ಹಳೇದು ಹಾಕಿದ್ರೂ ಬರವಲ್ದು."

ಹೇಳಬೇಕೆಂದು ಲಾಲಪ್ಪ ಬಾಯಿ ತೆರೆದಿದ್ದು ನಿಜ. ಅಷ್ಟರಲ್ಲಿ ಸುನೀಲನೇ ಚಪ್ಪಲಿ ಒದ್ದು ಅಂದ, "ಅವ್ನು ಇಶ್ತಿಯಾಕ್ ಖರಾಬ್ ಮಾಲು ಕೊಟ್ಟಾನ! ಅದು ಒಳಗ ಹೋಗಿ ಬೋರ್ಡು ಸುಟ್ಟೈತಿ. ಹೆಣ್ಮಗಳು ಬಂದ್ಳಂದ್ರ ಇವ್ರಿಗೆ ಏನ್ ಕೊಟ್ರೂ ನಡೀತದ."

ಉತ್ತರ ತಾನಾಗಿ ಬಂದು ಬಸ್ಸಿನ ಹಾಗೆ ಮುಂದೆ ನಿಂತಿತ್ತು. ಲಾಲಪ್ಪ ಸುಮ್ಮನೆ ಅದನ್ನು ಹತ್ತಿ ಕೂತ. ಪದ್ಮಾವತಿ ಬಗ್ಗಿ ಆ ಚಪ್ಪಲಿಗಳನ್ನು ಜೋಡಿಸಿಟ್ಟಳು. ನೀರಿನ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನದಿಂದ ಮನೆಯ ಹೊತ್ತುಗಳೇ ಬದಲಾದವು. ಪದ್ಮಾವತಿ ಬೆಳಿಗ್ಗೆ ಏಳರ ಬಸ್ಸಿಗೆ ಸಿಂಧನೂರಿಗೆ ಹೋಗಿ, ಪ್ರೆಸ್ಸಿನ ಕಂಪ್ಯೂಟರ್ ಬಿಡುವಾದಾಗ ಅದರಲ್ಲಿ ಹೊಸದಾಗಿ ಪುಟ ಕಟ್ಟುತ್ತಿದ್ದಳು. ಮನೆಯಲ್ಲಿ ಮಾಡಿದ ಅರವತ್ತು ಪುಟ ಹಾರ್ಡ್ ಡಿಸ್ಕಿನೊಳಗೇ ಉಳಿದಿದ್ದವು. ತಿರುಗಿ ಮನೆ ಸೇರುವುದು ದೀಪ ಹತ್ತಿದ ಮೇಲೆ. ಪಕೀರಮ್ಮನ ಮಂಡಿನೋವು ಜೋರಾಗಿ ರೊಟ್ಟಿ ನಿಂತಿತು. ನಳ ಬಂದ ದಿನ ಲಾಲಪ್ಪನೇ ಕೊಡ ತುಂಬಿದ, ಕಾಯಿಪಲ್ಯೆ ಹೆಚ್ಚಿದ, ಹಾಲು ಉಕ್ಕಿಸಿದ.

"ಇವತ್ತೂ ಅನ್ನ ಸಾರಾ?" ಮೂರನೇ ವಾರ ಒಂದು ರಾತ್ರಿ ಸುನೀಲ ತಟ್ಟೆ ಸರಿಸಿದ.

"ರೊಟ್ಟಿ ಬೇಕಂದ್ರ ಬಾ, ಹಿಟ್ಟು ಐತಿ, ಹಂಚು ಐತಿ," ಅಂದಳು ಪಕೀರಮ್ಮ. "ಕಚೇರಿಯಾಗ ಕೂತು ಕೂತು ಕೈ ಮೆತ್ತಗಾಗ್ಯಾವ, ರೊಟ್ಟಿನೂ ಮೆತ್ತಗ ಬರತಾವ."

"ಅತ್ತಿ, ನಾಳಿಂದ ನಾಕಕ್ಕ ಎದ್ದು ಬಡದಿಟ್ಟು ಹೋಗ್ತೀನಿ," ಎಂದಳು ಪದ್ಮಾವತಿ.

"ಏಳು, ಏಳು. ಆಮ್ಯಾಲ ಬಸ್ಸಿನ್ಯಾಗ ನಿದ್ದಿ ಹತ್ತಿ ಸಿಂಧನೂರು ದಾಟಿ ಗಂಗಾವತಿ ಮುಟ್ಟಿ ಫೋನ್ ಮಾಡು."

ಆಗಲೇ ಫೋನು ಬಂತು. ಪ್ರೆಸ್ಸಿನ ಶಿವಕಾಂತ. ಧ್ವನಿ ಹೊರಗೂ ಕೇಳುತ್ತಿತ್ತು. "ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ಲಗ್ನದ ಸೀಸನ್ನು, ಮಷಿನ್ ನಮಗ ಬೇಕು. ಬರೂ ಸೋಮವಾರದಿಂದ ನಿಮ್ಮ ಮನ್ಯಾಗ ಮಾಡ್ರಿ. ಆಗಂಗಿಲ್ಲಂದ್ರ ಪುಸ್ತಕ ರಾಯಚೂರಿಗೆ ಕಳಿಸ್ತೀನಿ."

"ಕಳಿಸಬ್ಯಾಡ್ರಿ ಅಣ್ಣಾರ," ಎಂದಳು ಪದ್ಮಾವತಿ. ಫೋನು ಇಟ್ಟ ಮೇಲೆ ಬಹಳ ಹೊತ್ತು ಸಾರಿನಲ್ಲಿ ಬೆರಳು ಆಡಿಸುತ್ತ ಕೂತಳು.

ಸುನೀಲ ಮೊಬೈಲು ತೆಗೆದ. "ನಾ ಬಿಡಂಗಿಲ್ಲ. ನೆಟ್ಟಿನ್ಯಾಗ ಅವ್ನ ಅಂಗಡಿ ಹೆಸರಿನ ಕೆಳಗ ನಿನ್ನೆನ ಬರದೀನಿ ನೋಡು. ಒಂದ ಸ್ಟಾರ್. 'ಮೋಸದ ಅಂಗಡಿ, ಯಾರೂ ಹೋಗಬ್ಯಾಡ್ರಿ' ಅಂತ. ಭಾನುವಾರ ಮಷಿನ್ ತಗೊಂಡು ಹೋಗಿ ಮುಖದ ಮ್ಯಾಲ ಕೇಳ್ತೀನಿ."

"ಬರಿಬಾರದಿತ್ತು," ಎಂದು ಪದ್ಮಾವತಿ ಮೆಲ್ಲಗೆ ಅಂದಳು.

"ಯಾಕ ಬರಿಬಾರದು?"

ಅವಳು ತಟ್ಟೆ ತೆಗೆದುಕೊಂಡು ಎದ್ದಳು.

ಮರುದಿನ ಮಧ್ಯಾಹ್ನ ಮನೆ ಖಾಲಿ. ಲಾಲಪ್ಪ ಸೊಸೆಯ ಮೇಜಿನ ಎದುರು ಕೂತು ಆ ಕಂಚಿನ ಬುಷ್ಷನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಒಳಮೈಯಲ್ಲಿ ಬೆರಳು ಆಡಿಸಿದರೆ ಈಗಲೂ ಒಂದು ತಗ್ಗು ಸಿಗುತ್ತಿತ್ತು.

ಅವನು ಗಣಿಗೆ ಸೇರಿದ ಎರಡನೇ ವರ್ಷ. ವರ್ಕ್‌ಶಾಪಿನಲ್ಲಿ ಹಂಪಣ್ಣ ಎಂಬ ಹಿರಿಯ ಫಿಟ್ಟರು ಇದ್ದರು, ಎಲ್ಲರಿಗೂ ಉಸ್ತಾದರು. ವಿಭೂತಿ ಹಚ್ಚಿಕೊಂಡು ಬರುತ್ತಿದ್ದರು. ಕೆಲಸ ಕಲಿಯಲು ಬಂದವರ ಮನೆತನ ಕೇಳುತ್ತಿರಲಿಲ್ಲ, ಅಂಗೈ ತೋರಿಸು ಅನ್ನುತ್ತಿದ್ದರು. ಅವರ ಬೆಂಚಿನ ಹಿಂದಿನ ಗೋಡೆಯಲ್ಲಿ ಒಂದು ಮೊಳೆ ಇತ್ತು. ಕೆಲಸ ಕೆಡಿಸಿದವನು ಕೆಡಿಸಿದ ಸಾಮಾನನ್ನು ತಾನೇ ತಂದು ಆ ಮೊಳೆಗೆ ತೂಗುಹಾಕಿ, ಕೆಳಗೆ ಸೀಮೆಸುಣ್ಣದಲ್ಲಿ ತನ್ನ ಹೆಸರು ಬರೆಯಬೇಕು. ತಿಂಗಳು ಅದು ಅಲ್ಲೇ ಇರಬೇಕು. ಬೈಗುಳವಿಲ್ಲ, ಸಾಹೇಬರಿಗೆ ದೂರಿಲ್ಲ. ಆದರೆ ಅಡಗಿಸಿ ಸಿಕ್ಕಿಬಿದ್ದವನ ಕೈಗೆ ಉಸ್ತಾದರು ಮತ್ತೆ ಕಾನಸು ಕೊಡುತ್ತಿರಲಿಲ್ಲ.

ಲಾಲಪ್ಪ ಬುಷ್ಷಿನ ಒಳಮೈಯನ್ನು ಹೆಚ್ಚು ತೀಡಿಬಿಟ್ಟಿದ್ದ. ಗುಜರಿಯ ರಾಶಿ ಹತ್ತು ಹೆಜ್ಜೆಯಲ್ಲಿತ್ತು, ಎಸೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೊಳೆಗೆ ಹಾಕಿದ. ಹೆಸರಿನ ಒತ್ತಕ್ಷರ ಸೊಟ್ಟ ಬಂದಿತ್ತು. ಆ ತಿಂಗಳು ಮೂರೂ ಪಾಳಿಯವರು ಬಂದು ಓದಿದರು. ತಿಂಗಳು ಮುಗಿದ ದಿನ ಉಸ್ತಾದರೇ ಅದನ್ನು ಇಳಿಸಿ, ಒರೆಸಿ, ಅವನ ಕೈಗಿಟ್ಟು, "ಕಣ್ಣಿಗೆ ಬೀಳೂ ಹಂಗ ಇಟ್ಕೊ" ಅಂದಿದ್ದರು. ಅದೇ ದಿನ ಮಧ್ಯಾಹ್ನ ಪಂಪಿನ ಕೆಲಸಕ್ಕೆ ಮೊದಲು ಕರೆದದ್ದು ಅವನನ್ನೇ.

ಈಗ ಉಸ್ತಾದರಿಲ್ಲ. ಪಾಳಿ ಬದಲಾಗುವಾಗ ಕೂಗುತ್ತಿದ್ದ ಸೈರನ್ನು ಮಸ್ಕಿಗೆ ಕೇಳುವುದಿಲ್ಲ. ಲಾಲಪ್ಪ ಜೇಬು ಮುಟ್ಟಿ ನೋಡಿಕೊಂಡ. ಟಿಕೇಟಿನ ಸುರುಳಿ ಅಲ್ಲೇ ಇತ್ತು. ಅಂಗಿ ಒಗೆಯಲು ಹಾಕುವಾಗಲೆಲ್ಲ ಅದನ್ನು ಇನ್ನೊಂದು ಜೇಬಿಗೆ ಬದಲಿಸುತ್ತ ಬಂದಿದ್ದ.

ಭಾನುವಾರ ಪದ್ಮಾವತಿ ಎಂದಿನಂತೆ ಪ್ರೆಸ್ಸಿಗೆ ಮೊದಲ ಬಸ್ಸಿಗೆ ಹೋದಳು. ಸುನೀಲ ಕಂಪ್ಯೂಟರನ್ನು ಹೊದಿಕೆ ಸಮೇತ ಎತ್ತಿಕೊಂಡ.

"ನಾನೂ ಬರ್ತೀನಿ," ಅಂದ ಲಾಲಪ್ಪ, ಹೊಸ ಪ್ರೊಸೆಸರಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ತಾನೇ ಇಟ್ಟುಕೊಂಡ. ಈ ಸಲ ಕಂಡಕ್ಟರ್ ಏನೂ ಕೇಳಲಿಲ್ಲ. ಕಾಲುವೆ ದಾಟಿ ಗದ್ದೆಗಳು ಶುರುವಾದವು. ತಂದೆ ಮಗ ಇಬ್ಬರೂ ಕಿಟಕಿಯ ಹೊರಗೇ ನೋಡುತ್ತ ಕೂತರು.

ಇಶ್ತಿಯಾಕ್‌ನ ಅಂಗಡಿ ಹತ್ತು ಅಡಿಯ ಗೂಡು. ಗಾಜಿನ ಕೌಂಟರಿನ ಹಿಂದೆ ಮೂವತ್ತೈದರ ಒಬ್ಬ ತೆಳ್ಳನೆಯ ಮನುಷ್ಯ, ಹಣೆಯ ಮೇಲೆ ಏರಿಸಿಕೊಂಡ ಭೂತಗನ್ನಡಿ.

"ಏನ್ ಮಾಲು ಕೊಡ್ತೀರಿ ನೀವು?" ಸುನೀಲನ ದನಿ ಬೀದಿಗೆ ಕೇಳಿತು. "ಇದ್ದ ಬೋರ್ಡೂ ಹೋತು. ಮೂರು ವಾರ ಆತು, ನನ್ನ ಹೆಂಡ್ತಿ ದಿನಾ ಅಡ್ಡಾಡಾಕತ್ತಾಳ."

"ಕೂಡ್ರಿ ಸರ್. ನೋಡೂಣು." ಇಶ್ತಿಯಾಕ್ ಡಬ್ಬಿ ಬಿಚ್ಚಿ, ಭೂತಗನ್ನಡಿ ಕಣ್ಣಿಗೆ ಎಳೆದುಕೊಂಡು ಗೂಡಿನೊಳಗೆ ಬಗ್ಗಿದ. ಕಿವಿಗಳಿದ್ದ ಜಾಗದ ಮೇಲೆ ಅವನ ಬೆರಳು ಎರಡು ಸಲ ಹೋಗಿ ಬಂತು. ತಲೆ ಎತ್ತಿದ. ಲಾಲಪ್ಪನ ಹೆಬ್ಬೆರಳಿನ ಮೇಲೆ ಆರಿದ ಗಾಯದ ಗೆರೆಯನ್ನು ನೋಡಿದ. ಭೂತಗನ್ನಡಿ ಮೇಲೆ ಸರಿಸಿದ.

"ಹನ್ನೆರಡು ವರ್ಷದ ಬೋರ್ಡ್ ಸರ್. ವಯಸ್ಸಾಗೈತಿ. ಹೋಗಿರತೈತಿ."

"ನಿಮ್ಮ ಪ್ರೊಸೆಸರ್ ಹಾಕಿದ ದಿನಾನ ವಯಸ್ಸಾತೇನು? ಸುಳ್ಳು ಹೇಳಾಕೂ ಒಂದ್ ಹದ್ದು ಇರಬೇಕು!"

ಪಕ್ಕದ ಮೊಬೈಲ್ ಅಂಗಡಿಯವರು ಇಣುಕಿದರು. ಇಶ್ತಿಯಾಕ್‌ನ ಮುಖ ಕೆಂಪಾಯಿತು. "ನಾ ಅವತ್ತ ಅಕ್ಕಾರಿಗೆ ಬೋರ್ಡಿನ ಫೋಟೋ..." ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ. "ಇರಲಿ ಬಿಡ್ರಿ. ಪ್ರೊಸೆಸರ್ ವಾಪಸ್ ಕೊಡ್ರಿ, ರೊಕ್ಕ ಕೊಡ್ತೀನಿ." ಗಲ್ಲಾಪೆಟ್ಟಿಗೆಯ ಖಾನೆ ಎಳೆದ.

ಲಾಲಪ್ಪ ಜೇಬಿಗೆ ಕೈ ಹಾಕಿದ. ಟಿಕೇಟಿನ ಸುರುಳಿ ಬಿಚ್ಚಿ, ಎರಡು ಕಪ್ಪು ಚೂರುಗಳನ್ನು ಗಾಜಿನ ಮೇಲೆ ಇಟ್ಟ.

"ಖಾನಿ ಮುಚ್ಚಪ. ಗಲತಿ ನಿಂದಲ್ಲ, ನಂದು. ಬ್ಲೇಡ್ ತಗೊಂಡು ನಾನ ಸವರೀನಿ. ಕಡ್ಡಿ ಮುರದಾವು ಅನ್ನೂದೂ ಅವತ್ತ ಗೊತ್ತಿತ್ತು."

ಬೀದಿಯ ಆಟೋ ಒಂದು ಹಾರ್ನು ಹೊಡೆದು ಮುಂದೆ ಹೋಯಿತು. ಸುನೀಲ ಚೂರುಗಳನ್ನು ನೋಡಿದ, ಅಪ್ಪನನ್ನು ನೋಡಿದ.

"ಮನ್ಯಾಗ ಹೇಳಾಕ ಏನಾಗಿತ್ತಪ?"

"ಹೇಳಾಕಂತ ಬಾಯಿ ತಗದಿದ್ದೆ. ನೀನ ಮದ್ಲ ಹೇಳಿಬಿಟ್ಟಿ."

"ಅದಕ್ಕ ಮೂರು ವಾರ?"

"ಅಂಜಿದೆ." ಲಾಲಪ್ಪ ಮಗನ ಮುಖ ನೋಡದೆ ಅಂದ. "ಇನ್ನ ಮ್ಯಾಲ ನನ್ನ ಕೈಯಾಗ ಯಾರೂ ಏನೂ ಕೊಡಂಗಿಲ್ಲ ಅಂತ ಅಂಜಿದೆ."

ಸುನೀಲ ಅಂಗಡಿಯಿಂದ ಇಳಿದು ಬೀದಿಯಲ್ಲಿ ನಿಂತ. ಇಶ್ತಿಯಾಕ್ ಒಂದು ಸ್ಟೂಲು ಎಳೆದು ಕೌಂಟರಿನ ಒಳಗಡೆ ಹಾಕಿದ. "ಒಳಗ ಬರ್ರಿ ಕಾಕಾ. ನೀವು ಫಿಟ್ಟರಾ?"

"ಆಗಿದ್ದೆ. ಹಟ್ಟಿಯಾಗ."

"ಅದಕ್ಕ. ಬ್ಯಾರೇದವ್ರಾಗಿದ್ರ ಕೂಡವಲ್ದು ಅಂತ ಬಿಟ್ಟುಬಿಡ್ತಿದ್ರು." ಅವನು ಎರಡೂ ಪ್ರೊಸೆಸರುಗಳನ್ನು ಮಗುಚಿ ಇಟ್ಟ. "ನೀವು ಅಳದದ್ದು ಬರಾಬರ್ ಐತಿ. ಹೊರಗಿನ ಅಳತಿ ಎರಡೂ ಒಂದ. ಒಳಗ ನೋಡ್ರಿ. ನಿಮ್ಮ ಬೋರ್ಡಿನ್ಯಾಗ ಸಾವಿರದ ನೂರಾ ಐವತ್ತೈದು ಕಡ್ಡಿ. ಈ ಹೊಸಾದರ ಹೊಟ್ಟಿ ಮ್ಯಾಲ ಸಾವಿರದ ನೂರಾ ಐವತ್ತ ಚುಕ್ಕಿ. ಐದು ಕಮ್ಮಿ. ಯಾವ ಕಡ್ಡಿ ಯಾವ ಚುಕ್ಕಿಗೆ ಅನ್ನೂದೂ ಬ್ಯಾರೆ. ಐ-ಫೈವ್ ಅನ್ನೂದು ಅಡ್ಡಹೆಸರು ಇದ್ದಂಗ ಕಾಕಾ, ಅಜ್ಜಗೂ ಅದ, ಮೊಮ್ಮಗಗೂ ಅದ. ಬೋರ್ಡಿನ ನಂಬರ್ ನೋಡಬೇಕು, ಪ್ರೊಸೆಸರ್ ಯಾವ ಪೀಳಿಗಿದು ಅಂತ ನೋಡಬೇಕು, ಬೋರ್ಡ್ ಮಾಡಿದವ್ರು ಕೊಟ್ಟ ಪಟ್ಟಿಯೊಳಗ ಇದರ ಹೆಸರು ಐತೋ ಇಲ್ಲೋ ನೋಡಬೇಕು."

"ಮತ್ತ ಆ ಕಿವಿ?"

"ಬೇಕಂತ ಇಟ್ಟಿರ್ತಾರ. ತಪ್ಪು ಜೋಡಿ ಕೂಡಬಾರದು ಅಂತ."

ಲಾಲಪ್ಪ ಆ ಎರಡು ಚೂರುಗಳನ್ನು ಬೆರಳ ತುದಿಯಿಂದ ಒಂದಕ್ಕೊಂದು ಸೇರಿಸಿ ಇಟ್ಟ. ಗೂಡು ಬೇಡ ಅಂದಿತ್ತು. ಅವನ ಕೈ ಕೇಳಿರಲಿಲ್ಲ.

ಇಶ್ತಿಯಾಕ್ ಅಟ್ಟದ ಮೇಲಿಂದ ಒಂದು ಹಳೆಯ ಬೋರ್ಡು ಇಳಿಸಿದ. ಯಾವುದೋ ಕಚೇರಿಯವರು ಹೊಸದು ಕೊಂಡಾಗ ಬಿಟ್ಟುಹೋದದ್ದು. ಅದರ ಬರಹವನ್ನು ಲಾಲಪ್ಪನಿಗೇ ಓದಲು ಹೇಳಿದ. ಸಾವಿರದ ನೂರಾ ಐವತ್ತು. ಮೊಬೈಲಿನಲ್ಲಿ ಪಟ್ಟಿ ತೆಗೆದು ಪ್ರೊಸೆಸರಿನ ಹೆಸರು ತೋರಿಸಿದ. "ನಿಮ್ಮ ಹಳೇ ರ‍್ಯಾಮ್ ಇದಕ್ಕ ನಡೀತದ. ಹಾರ್ಡ್ ಡಿಸ್ಕಿಗೆ ಏನಾಗಿಲ್ಲ, ಅಕ್ಕಾರ ಪುಟ ಎಲ್ಲ ಹಂಗ ಇರ್ತಾವ." ಆಮೇಲೆ ಪ್ರೊಸೆಸರನ್ನು ಲಾಲಪ್ಪನ ಮುಂದೆ ಸರಿಸಿದ. "ಕೂಡ್ರಸ್ರಿ."

"ನಾನಾ?"

"ನೀವ. ಒತ್ತಬ್ಯಾಡ್ರಿ ಅಷ್ಟ."

ಲಾಲಪ್ಪ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡ. ಎರಡು ಬೆರಳಲ್ಲಿ ಅಂಚು ಹಿಡಿದು, ಕಚ್ಚನ್ನು ಕಿವಿಯ ಎದುರು ತಂದು, ಬಿಟ್ಟ. ಅದು ತನ್ನ ಭಾರಕ್ಕೆ ತಾನೇ ಇಳಿದು ಕೂತಿತು. ಸಪ್ಪಳ ಕೂಡ ಆಗಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಅವನ ಕೈಯಲ್ಲಿ ಯಾವ ಸಾಮಾನೂ ಹೀಗೆ ಕೂತಿರಲಿಲ್ಲ.

ಇಶ್ತಿಯಾಕ್ ಉಳಿದದ್ದನ್ನು ಜೋಡಿಸಿ ಸ್ವಿಚ್ಚು ಒತ್ತಿದ, ಅಂಗಡಿಯ ತೆರೆ ಹತ್ತಿತು. ಸ್ವಲ್ಪ ಹೊತ್ತಿಗೆ ಹಿನ್ನೆಲೆಯ ಹಳೆಯ ಚಿತ್ರ ಬಂತು. ಹಟ್ಟಿಯ ಕ್ವಾರ್ಟರಿನ ಬಾಗಿಲು, ಹೊಸ್ತಿಲ ಮೇಲೆ ಪಕೀರಮ್ಮ, ಮೀಸೆ ಮೂಡುತ್ತಿರುವ ಸುನೀಲ. ಬೀದಿಯಿಂದ ಸುನೀಲ ಅದನ್ನು ನೋಡುತ್ತಿದ್ದ. ಒಳಗೆ ಬಂದು ಡಬ್ಬಿ ಎತ್ತಿಕೊಂಡ. ಇಶ್ತಿಯಾಕ್‌ನ ಕಡೆ ನೋಡದೆಯೇ ಮತ್ತೆ ಬೀದಿಗೆ ಇಳಿದ. ಬೋರ್ಡಿನ ದುಡ್ಡು ಲಾಲಪ್ಪ ಕೊಟ್ಟ, ಸತ್ತ ಬೋರ್ಡನ್ನು ಕೇಳಿ ತೆಗೆದುಕೊಂಡ.

"ಗುಜರಿಗೆ ಹಾಕ್ತಿದ್ನೆಲ್ಲ ಕಾಕಾ. ಅದನ್ನ ಏನ್ ಮಾಡ್ತೀರಿ?"

"ಕೆಲಸ ಐತಿ."

ಮನೆ ಮುಟ್ಟಿದವನೇ ಲಾಲಪ್ಪ ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ ಕ್ಯಾಲೆಂಡರ್ ತೂಗುತ್ತಿದ್ದ ಮೊಳೆಯಿಂದ ಕ್ಯಾಲೆಂಡರ್ ಇಳಿಸಿದ. ಅಲ್ಲಿ ಬೋರ್ಡನ್ನು ತೂಗುಹಾಕಿದ. ಕೆಳಗೆ ನೀಲಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: ಲಾಲಪ್ಪ. ಒತ್ತಕ್ಷರ ಈ ಸಲ ನೆಟ್ಟಗೆ ಬಂತು.

"ಇದೇನ್ ಹೊಸಾದು?" ಪಕೀರಮ್ಮ ಸೌಟು ಹಿಡಿದೇ ಹೊರಗೆ ಬಂದಳು.

ಅವನು ಹೇಳಿದ. ಬ್ಲೇಡಿನದು, ಮೊಳೆಯದು, ಬುಷ್ಷಿನದು, ಎಲ್ಲ. ನಲವತ್ತು ವರ್ಷ ಜೊತೆಗಿದ್ದವಳು ಬುಷ್ಷಿನ ಕತೆಯನ್ನು ಮೊದಲ ಸಲ ಕೇಳಿದಳು.

"ಮಂದಿ ಬಂದ್ರ ಕೇಳ್ತಾರ."

"ಕೇಳಲಿ. ತಿಂಗಳು ಇರಲಿ."

ಕೇಳಿದರು ಕೂಡ. ಸಂಜೆ ಅಮರಮ್ಮ ಮಜ್ಜಿಗೆಗೆ ಬಂದವಳು ಕೇಳಿದಳು, ಲಾಲಪ್ಪ ಹೇಳಿದ. ಅವಳು ಅಯ್ಯೋ ಎಂದು ನಕ್ಕು, "ನನ್ನ ಮಿಕ್ಸರ್ ನಾಳಿ ತರ್ತೀನ್ರಿ, ಅದರ ಕಿವಿ ಕೊಯ್ಯಬ್ಯಾಡ್ರಿ ಮತ್ತ," ಎಂದು ಹೋದಳು. ದೀಪ ಹತ್ತಿದ ಮೇಲೆ ಬಂದ ಪದ್ಮಾವತಿ ಗೋಡೆಯ ಎದುರು ಚೀಲ ಇಳಿಸದೆ ನಿಂತಳು. ಪಕೀರಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಕಂಪ್ಯೂಟರ್ ಹಾಕಿ ಕೂತಳು. ಫೋಟೋ ಒತ್ತಿದ ಕೂಡಲೇ ಬಂತು. ಬೇವಿನ ಗಿಡ, ಮಾಸ್ತರರು, ಎಲ್ಲರೂ.

ಬೆಳಿಗ್ಗೆ ಲಾಲಪ್ಪ ಎದ್ದಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಬಹಳ ದಿನದ ಮೇಲೆ. ಗೋಡೆಯ ಮೇಲೆ ಅವನ ಹೆಸರಿನ ಕೆಳಗೆ ಇನ್ನೊಂದು ಹೆಸರಿತ್ತು. ಅಚ್ಚಿನ ಮನೆಯ ಕೈ, ಲಗ್ನಪತ್ರಿಕೆಯ ಅಕ್ಷರದ ಹಾಗೆ ದುಂಡಗೆ: ಪದ್ಮಾವತಿ.

"ನಿಂದ್ಯಾಕವ್ವ?" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ.

ಅವಳು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, ತಿರುಗದೆಯೇ ಹೇಳಿದಳು. "ಇಶ್ತಿಯಾಕ್ ಅವತ್ತ ಕೇಳಿದ್ರು ಮಾವ. ಬೋರ್ಡಿನ ಫೋಟೋ ಕಳಿಸ್ರಿ, ಜೋಡಿ ನೋಡಿ ಕೊಡ್ತೀನಿ ಅಂದ್ರು. ಬಸ್ಸು ಹೊಂಟಿತ್ತು. ಎಲ್ಲ ಒಂದ ಇರ್ತಾವ, ಕೊಡ್ರಿ ಅಂದು ಕಸಗೊಂಡು ಬಂದೆ. ಇವ್ರು ಅವ್ರಿಗೆ ಬೈಯೂವಾಗ ಬಾಯಿ ಬರಲಿಲ್ಲ."

ಸುನೀಲ ಅಲ್ಲೇ ತಟ್ಟೆಯ ಮುಂದೆ ಕೂತಿದ್ದ. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಎಣ್ಣೆ. ಮುರಿದ ತುತ್ತು ಕೈಯಲ್ಲೇ ಉಳಿಯಿತು. ಕಚೇರಿಗೆ ಹೊರಡಲು ಅಂಗಿ ಹಾಕಿದ್ದ, ಮೊಬೈಲು ಮಗ್ಗುಲಲ್ಲಿತ್ತು. ಅದರೊಳಗೆ ಇಶ್ತಿಯಾಕ್‌ನ ಅಂಗಡಿಗೆ ಕೊಟ್ಟ ಆ ಒಂದು ಸ್ಟಾರು, ಆ ಎರಡು ಮಾತು ಇನ್ನೂ ಹಾಗೇ ಇದ್ದವು ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಪಕೀರಮ್ಮ ಗೋಡೆಯನ್ನು ನೋಡಿದಳು, ಮಗನನ್ನು ನೋಡಿದಳು. "ಏನ್ರೀ, ಎರಡೂ ಹೆಸರು ಇಡೀ ಗ್ವಾಡಿ ಹಿಡದು ಬರದೀರಿ. ಕೆಳಗ ಇನ್ನೊಂದಕ್ಕ ಜಾಗ ಐತಿಲ್ಲೋ?"

ಹಂಚಿನ ಮೇಲೆ ರೊಟ್ಟಿ ಉಬ್ಬಿತು.

ಲಾಲಪ್ಪ ಎದ್ದ. ಸೊಸೆಯ ಹೆಸರಿನ ಕೆಳಗೆ ಗೋಡೆಯ ದೂಳನ್ನು ಅಂಗೈಯಿಂದ ಒರೆಸಿದ. ಸೀಮೆಸುಣ್ಣದ ತುಂಡನ್ನು ಬಾಗಿಲ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ, ಮಗ ಚಪ್ಪಲಿ ಮೆಟ್ಟುವಾಗ ಕೈಗೆ ಸಿಗುವ ಹಾಗೆ ಇಟ್ಟ.